ತೂಕದ ಗುಂಡು, ಕಬ್ಬಿಣದ ಬಳೆ

ನನ್ನ ತಮ್ಮ ವಸಿಲ್ ಹೊಡೆದದ್ದು ಒಂದೇ ಏಟು. ಆದರೆ ಕೈಯಲ್ಲಿ ಸಲಿಕೆ ಇತ್ತು. ಉಕ್ಕಿನ ಕಾರ್ಖಾನೆಯ ಎರಡನೇ ಕುಲುಮೆಯ ಮುಂದೆ ಡೆನಿಸ್ ಗ್ಯಾರಿಟಿ ಎಂಬ ಮೇಸ್ತ್ರಿಯ ದವಡೆ ಮೂರು ಚೂರಾಯಿತು. ಆ ಮನುಷ್ಯ ಇವತ್ತಿಗೂ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿಕೊಂಡೇ ತಿನ್ನುತ್ತಾನೆ.

ಜಡ್ಜ್ ಮೂರು ವರ್ಷ ಸಜೆ ಬರೆದರು. ಬರೆದು, ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು. ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣಕ್ಕೆ ಸಿಕ್ಕಿ ಸತ್ತಿದ್ದು ಅವರಿಗೆ ಗೊತ್ತಿತ್ತು. "ಇವನನ್ನು ನಿನ್ನ ಜವಾಬ್ದಾರಿಗೆ ಬಿಡುತ್ತೇನೆ. ಒಂದು ವರ್ಷ. ಅಷ್ಟರೊಳಗೆ ಇವನ ಕೈ ಯಾರ ಮೇಲಾದರೂ ಎದ್ದರೆ, ತಪ್ಪು ಯಾರದ್ದೆಂದು ನಾನು ಕೇಳುವುದಿಲ್ಲ. ಮೂರು ವರ್ಷವೂ ಒಳಗೆ," ಎಂದರು. ಅದು 1955ರ ಮಾರ್ಚ್ ಹದಿನೈದು.

ಮನೆಗೆ ಬರುವಾಗ ವಸಿಲ್ ಸೇತುವೆಯ ಮೇಲೆ ನಿಂತು, "ಅಕ್ಕ, ಒಂದ್ ವರ್ಷ ಅಂದ್ರೆ ಮುನ್ನೂರ ಅರವತ್ತೈದು ದಿನ. ಅದ್ರಲ್ಲಿ ಒಂದ್ ದಿನಾನೂ ನಂಗೆ ಕೋಪ ಬರಲ್ವಾ?" ಎಂದು ಕೇಳಿದ.

"ಬರತ್ತೆ. ಬಂದಾಗ ಕೈನ ಜೇಬಲ್ಲಿಟ್ಕೊ," ಎಂದೆ.

"ಜೇಬು ಹರ್ದೋಗತ್ತೆ," ಎಂದ.

ನನ್ನ ಹೆಂಡದಂಗಡಿ ಕಾರ್ಖಾನೆಯ ದೊಡ್ಡ ಗೇಟಿನ ಎದುರಿಗೇ ಇದೆ. ಮಧ್ಯಾಹ್ನ ಮೂರಕ್ಕೆ ಬೆಳಗಿನ ಪಾಳಿ ಬಿಟ್ಟಿತೆಂದರೆ ನಲವತ್ತು ಜನ ಒಟ್ಟಿಗೆ ನುಗ್ಗುತ್ತಾರೆ. ಒಂದು ಗುಟುಕು ವಿಸ್ಕಿ, ಅದರ ಬೆನ್ನಿಗೆ ಒಂದು ಬಿಯರ್, ವಿನಿಗರ್‌ನಲ್ಲಿಟ್ಟ ಮೊಟ್ಟೆ. ವಸಿಲ್‌ನನ್ನು ಕಾರ್ಖಾನೆ ತೆಗೆದುಹಾಕಿತ್ತು. ಅವನು ನದಿಯ ದಕ್ಕೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ. ಎರಡೂವರೆಗೆ ಬಂದು, ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಮೈ ತೊಳೆದುಕೊಂಡು, ಕೆಳಗೆ ಇಳಿದು ಬರುತ್ತಿದ್ದ. ಇಳಿದು ಬಂದವನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಕುಡಿಯಲು ನಾನು ಬಿಡುತ್ತಿರಲಿಲ್ಲ. ಹಾಗಾಗಿ ಮೂಲೆಯ ಬಿಂಗೋ ಯಂತ್ರದ ಮುಂದೆ ನಿಲ್ಲತೊಡಗಿದ.

ಆ ಯಂತ್ರ ನೋಡಲು ಪಿನ್‌ಬಾಲ್‌ನಂತೆಯೇ ಇದ್ದರೂ ಆಟ ಬೇರೆ. ಚೆಂಡನ್ನು ಮೇಲಕ್ಕೆ ಹೊಡೆದೆಸೆಯುವ ರೆಕ್ಕೆಗಳು ಅದರಲ್ಲಿಲ್ಲ. ಇಳಿಜಾರು ಹಲಗೆಯ ಮೇಲೆ ಇಪ್ಪತ್ತೈದು ಕುಳಿ, ಪ್ರತಿ ಕುಳಿಗೂ ಒಂದು ಅಂಕಿ. ಆಡುವವನಿಗೆ ಐದು ಉಕ್ಕಿನ ಚೆಂಡು. ಎದುರಿನ ಗಾಜಿನಲ್ಲಿ ಐದು ಸಾಲು, ಐದು ಕಂಬದ ಚೌಕ. ಚೆಂಡು ಯಾವ ಕುಳಿಗೆ ಬೀಳುತ್ತದೋ ಆ ಅಂಕಿ ಹೊತ್ತಿಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ಮೂರು ಬಂದರೆ ಗೆಲುವು, ನಾಲ್ಕು ಬಂದರೆ ದೊಡ್ಡ ಗೆಲುವು, ಐದು ಬಂದರೆ ಊರೆಲ್ಲ ಮಾತಾಡುವ ಗೆಲುವು. ಚೆಂಡನ್ನು ಬಿಡುವ ಮುಂಚೆ ಇನ್ನೊಂದು ನಿಕಲ್, ಅಂದರೆ ಐದು ಸೆಂಟಿನ ನಾಣ್ಯ, ಹಾಕಿದರೆ ಗೆಲುವಿನ ಲೆಕ್ಕ ಮೇಲೇರಬಹುದು, ಏರದೆಯೂ ಇರಬಹುದು. ಅದಕ್ಕೇ ಜನ ಹಾಕುತ್ತಲೇ ಇರುತ್ತಾರೆ.

ಚೆಂಡು ಒಮ್ಮೆ ಕೈಬಿಟ್ಟಿತೆಂದರೆ ಆಡುವವನ ಹತ್ತಿರ ಉಳಿಯುವುದು ಅವನ ಮೈ ಮಾತ್ರ. ಮೊಳೆಗಳ ನಡುವೆ ರಬ್ಬರಿಗೆ ತಾಗಿ ಕುಣಿಯುತ್ತ ಚೆಂಡು ಇಳಿಯುವಾಗ, ಪೆಟ್ಟಿಗೆಯನ್ನು ಹಿಡಿದು ಅಲುಗಿಸಬೇಕು. ಸೊಂಟದಿಂದ ಒಂದು ಒತ್ತು, ಅಂಗೈಯಿಂದ ಒಂದು ತಟ್ಟು. ಕಡಿಮೆ ಒತ್ತಿದರೆ ಚೆಂಡು ತನ್ನಿಷ್ಟದ ಕುಳಿಗೆ ಹೋಗುತ್ತದೆ. ಜಾಸ್ತಿ ಒತ್ತಿದರೆ ಟಿಲ್ಟ್. ದೀಪವೆಲ್ಲ ಆರಿ, ಆಟ ಸತ್ತುಹೋಗುತ್ತದೆ. ಹಾಕಿದ ದುಡ್ಡು, ಬಿದ್ದ ಚೆಂಡು, ಎಲ್ಲ ಅಲ್ಲಿಗೆ ಮುಗಿಯಿತು. ಗಂಡಸರಿಗೆ ಆ ಆಟದ ಹುಚ್ಚು ಹಿಡಿಯುವುದೇ ಅದಕ್ಕೆ. ಇಡೀ ದಿನ ಮೇಸ್ತ್ರಿ ತಳ್ಳಿದತ್ತ ಹೋಗುವವರು, ಅಲ್ಲಿ ತಾವು ತಳ್ಳಬಹುದು.

ವಸಿಲ್ ಮೊದಮೊದಲು ಅದರೊಂದಿಗೆ ಆಡಲಿಲ್ಲ, ಕುಸ್ತಿ ಮಾಡಿದ. ಎರಡನೇ ಚೆಂಡಿಗೇ ಟಿಲ್ಟ್. ಮತ್ತೆ ನಿಕಲ್, ಮತ್ತೆ ಟಿಲ್ಟ್. ಒಂದು ದಿನ ಮುಷ್ಟಿಯಿಂದ ಮೇಲಿನ ಗಾಜು ಒಡೆದ. ಮೊಣಕೈವರೆಗೆ ರಕ್ತ. ನಾನು ಟವೆಲ್ ಸುತ್ತುವಾಗ ನಗುತ್ತಿದ್ದ.

"ಯಂತ್ರದ್ ಮೇಲೆ ಕೈ ಎತ್ತಬಾರ್ದು ಅಂತ ಜಡ್ಜ್ ಹೇಳಿಲ್ವಲ್ಲ ಅಕ್ಕ."

ನಾನು ಯೋಚನೆ ಮಾಡಿದೆ. ಇವನ ಮೈಯೊಳಗಿನದನ್ನು ತೆಗೆಯಲು ನನ್ನಿಂದಾಗದು. ಆದರೆ ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡುವುದನ್ನು ಕಲಿಸಬಹುದಲ್ಲವೇ?

ಯಂತ್ರವನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಲೆಸ್ಟರ್ ಹೊಸ ಗಾಜು ಹಾಕಲು ಬೆಳಿಗ್ಗೆಯೇ ಬಂದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆಸಿ ಟಿಲ್ಟ್ ಎಲ್ಲಿದೆ ತೋರಿಸು ಎಂದೆ. ಒಳಗೆ ಒಂದು ಕಂಬಿ ನೇತಾಡುತ್ತಿತ್ತು, ಅದರ ತುದಿಗೆ ತೂಕದ ಗುಂಡು, ಗುಂಡಿನ ಸುತ್ತ ಕಬ್ಬಿಣದ ಬಳೆ. ಪೆಟ್ಟಿಗೆ ಅಲುಗಿದರೆ ಗುಂಡು ತೂಗುತ್ತದೆ, ಬಳೆಗೆ ತಾಗಿದರೆ ಆಟ ಸತ್ತಿತು. ಅಷ್ಟೇ.

"ಸಂದು ಕಮ್ಮಿ ಮಾಡು," ಎಂದೆ.

"ಕಮ್ಮೀನಾ? ಎಲ್ರೂ ಜಾಸ್ತಿ ಮಾಡು ಅಂತಾರೆ ಕಣಕ್ಕ." ಅವನು ಸ್ಕ್ರೂ ಸಡಿಲಿಸಿ ಗುಂಡನ್ನು ಸರಿಸಿದ. "ಸಾಕಾ?"

"ಇನ್ನೂ."

"ಇನ್ನೂ ಅಂದ್ರೆ ನೊಣ ಕೂತ್ರೂ ಸಾಯತ್ತೆ. ನಿನ್ ಗಿರಾಕಿಗಳು ನನ್ ಚರ್ಮ ಸುಲೀತಾರೆ."

"ನಿಂಗೆ ಚರ್ಮ ಎಲ್ಲಿದೆ, ಬರೀ ಎಣ್ಣೆ ಜಿಡ್ಡು. ಇನ್ನೂ ಕಮ್ಮಿ ಮಾಡು. ಯಾರಿಗೂ ಹೇಳ್ಬೇಡ," ಎಂದೆ. ಒಂದು ತಟ್ಟೆ ಕೋಸಿನೆಲೆ ಸುರುಳಿ ತಿನ್ನಿಸಿ ಕಳಿಸಿದೆ.

ಲಾಭ ಕಡಿಮೆಯಾಯಿತು, ನಿಜ. ಬೇರೆಯವರು ಎರಡು ದಿನ ಬೈದು ಆಡುವುದನ್ನು ಬಿಟ್ಟರು. ವಸಿಲ್ ಬಿಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಕೈ ಬದಲಾಗಿತ್ತು. ಮುಷ್ಟಿ ಬಿಚ್ಚಿ ಬೆರಳ ತುದಿಗಳನ್ನು ಪೆಟ್ಟಿಗೆಯ ಎರಡೂ ಅಂಚಿಗೆ ಇಡುತ್ತಿದ್ದ, ತೊಟ್ಟಿಲು ಹಿಡಿದಂತೆ. ಚೆಂಡು ಕುಳಿಯ ಅಂಚಿನಲ್ಲಿ ಸುತ್ತುವಾಗ ಉಸಿರು ಹಿಡಿದು, ಎಡಗೈ ಹೆಬ್ಬೆರಳಿನ ಬುಡದಿಂದ ಒಂದು ಚೂರು ಒತ್ತುತ್ತಿದ್ದ. ಒತ್ತಿದ್ದು ಪಕ್ಕದಲ್ಲಿ ನಿಂತವನಿಗೂ ಕಾಣುತ್ತಿರಲಿಲ್ಲ, ಚೆಂಡಿಗೆ ಮಾತ್ರ ಗೊತ್ತಾಗುತ್ತಿತ್ತು. ದಕ್ಕೆಯಲ್ಲೂ ಅವನು ಜಗಳವಾಡುತ್ತಿಲ್ಲ ಎಂದು ಕೇಳಿಬಂತು. ಅವನು ಆಡುವುದನ್ನು ನೋಡಲು ಜನ ಸುತ್ತ ಸೇರತೊಡಗಿದರು.

ನನ್ನ ತಪ್ಪು ಅಲ್ಲಿಂದ ಶುರುವಾಯಿತು. ಅಷ್ಟು ಬಿಗಿಯಾದ ಯಂತ್ರ ಹೆದರುವುದು ಆಡುವವನ ಕೈಗೊಂದೇ ಅಲ್ಲ. ಪಕ್ಕದವನ ಮೊಣಕೈಗೂ, ನೆಲ ಅದುರಿಸುವ ಬೂಟಿಗೂ ಹೆದರುತ್ತದೆ. ಅದು ನನಗೆ ಹೊಳೆದಿರಲಿಲ್ಲ. ಅಕ್ಟೋಬರಿನಲ್ಲಿ ಒಬ್ಬ ನಡುವೆ ಕೈ ಚಾಚಿ ಬಿಯರ್ ತೆಗೆದುಕೊಂಡ, ಟಿಲ್ಟ್. ವಸಿಲ್ ಸುಮ್ಮನಿದ್ದ, ಆದರೆ ಅವನ ಗೆಲುವಿನ ಮೇಲೆ ಪಂತ ಕಟ್ಟಿದ್ದವರು ಸುಮ್ಮನಿರಲಿಲ್ಲ. ಕೈ ಚಾಚಿದವನ ಎರಡು ಹಲ್ಲು ನನ್ನ ಗುಡಿಸುವ ಮೊರಕ್ಕೆ ಬಂದವು. ನವೆಂಬರಿನಲ್ಲಿ ಇನ್ನೊಂದು ಸಲ ಆಯಿತು. ಆಗ ಒಬ್ಬನ ಕಿವಿ ಕಚ್ಚಿ ಹರಿದರು. ಆಮೇಲೆ ನನ್ನ ಹಳೆಯ ಗಿರಾಕಿ, ಮುದುಕ ಮಿತ್ರೋ, ಸೀಮೆಸುಣ್ಣದಿಂದ ಯಂತ್ರದ ಸುತ್ತ ನೆಲದ ಮೇಲೆ ಗೆರೆ ಎಳೆದ. ಚೆಂಡು ಉರುಳುವಾಗ ಗೆರೆ ದಾಟುವ ಹಾಗಿಲ್ಲ. ದಿನವೂ ನಾನು ನೆಲ ಒರೆಸುತ್ತಿದ್ದೆ, ದಿನವೂ ಅವನು ಎಳೆಯುತ್ತಿದ್ದ.

ಆಗಲೇ ಲೆಸ್ಟರ್‌ನನ್ನು ಕರೆಸಿ ಗುಂಡನ್ನು ಸಡಿಲ ಮಾಡಿಸಬೇಕಿತ್ತು. ಮಾಡಿಸಲಿಲ್ಲ. ಇನ್ನು ನಾಲ್ಕೇ ತಿಂಗಳು, ಕೈ ಪಳಗಿದೆ, ಈಗ ಕೆಡಿಸುವುದು ಬೇಡ ಎಂದುಕೊಂಡೆ.

ಜನವರಿಯಲ್ಲಿ ಕಾನ್ ಗ್ಯಾರಿಟಿ ಬಂದ. ದವಡೆ ಮುರಿಸಿಕೊಂಡ ಡೆನಿಸ್‌ನ ತಮ್ಮ. ಹಡಗಿನಲ್ಲಿ ಕೆಲಸ ಮಾಡಿ ಊರಿಗೆ ಹಿಂದಿರುಗಿದ್ದ, ಬಾಗಿಲು ತುಂಬುವಂಥ ಆಳು. ಮೊದಲ ದಿನವೇ ಬಿಯರ್ ತೆಗೆದುಕೊಂಡು ನನ್ನ ಮುಂದೆ ನಿಂತ.

"ಏನ್ ಯಜಮಾಂತಿ, ನಿನ್ ತಮ್ಮಂಗೆ ಇನ್ನೆಷ್ಟ್ ದಿನ ಬಾಕಿ?"

"ನಿನ್ ಬಿಯರ್ ಮುಗ್ಸೋಕೆ ಎಷ್ಟ್ ಹೊತ್ತು ಬಾಕಿ ಅದನ್ನ್ ಹೇಳು," ಎಂದೆ.

"ನಮ್ಮಣ್ಣ ಹಾಲ್ ಕುಡೀತಾನೆ ಗೊತ್ತಾ, ಮಗು ಥರ. ನಿನ್ ತಮ್ಮ ಇಲ್ಲಿ ಗೋಲಿ ಆಡ್ತಾನೆ."

ಅವನನ್ನು ಅಂಗಡಿಗೆ ಸೇರಿಸಬೇಡ ಎಂದು ಮಿತ್ರೋ ಹೇಳಿದ. ಆದರೆ ಸೇರಿಸದಿದ್ದರೆ ಅವನು ವಸಿಲ್‌ಗಾಗಿ ದಕ್ಕೆಯ ದಾರಿಯಲ್ಲಿ ಕಾಯುತ್ತಾನೆ, ಅಲ್ಲಿ ಏನೇ ಆದರೂ ಸಾಕ್ಷಿ ಹೇಳುವವರಿಲ್ಲ. ಇಲ್ಲಿ ನಲವತ್ತು ಜನ ಇದ್ದಾರೆ, ನಾನಿದ್ದೇನೆ. ನನ್ನ ಕಣ್ಣೆದುರೇ ಇರಲಿ ಎಂದುಕೊಂಡೆ.

ಕಾನ್ ಆತುರದವನಲ್ಲ. ವಾರಕ್ಕೊಮ್ಮೆ, ವಸಿಲ್‌ನ ಕೊನೆಯ ಚೆಂಡು ಇಳಿಯುವಾಗ, ಗೆರೆಯ ಆಚೆಯೇ ನಿಂತು ನೆಲಕ್ಕೆ ಬೂಟು ಅಪ್ಪಳಿಸುತ್ತಿದ್ದ. ಟಿಲ್ಟ್. "ಅಯ್ಯೋ, ಕಾಲು ಮರಗಟ್ಟಿತ್ತು ಕಣಯ್ಯ," ಎನ್ನುತ್ತಿದ್ದ. ವಸಿಲ್ ತಿರುಗಿ ನೋಡುತ್ತಿರಲಿಲ್ಲ. ಇನ್ನೊಂದು ನಿಕಲ್ ಹಾಕುತ್ತಿದ್ದ. ಅವನ ಕುತ್ತಿಗೆಯ ನರ ಮಾತ್ರ ಹಗ್ಗದ ಹಾಗೆ ಎದ್ದಿರುತ್ತಿತ್ತು.

ಮಾರ್ಚ್ ಏಳು, ಬುಧವಾರ. ಎಂಟು ದಿನ ಬಾಕಿ.

ಪಾಳಿ ಬಿಟ್ಟು ಅರ್ಧ ಗಂಟೆಯಾಗಿತ್ತು. ವಸಿಲ್‌ಗೆ ಅವತ್ತು ಒಂದೇ ಸಾಲಿನಲ್ಲಿ ನಾಲ್ಕು ಬಿದ್ದಿತ್ತು. ಆ ಯಂತ್ರ ನನ್ನ ಅಂಗಡಿಗೆ ಬಂದಾಗಿನಿಂದ ಐದು ಯಾರಿಗೂ ಬಿದ್ದಿರಲಿಲ್ಲ. ಜನ ಬಿಯರ್ ಕೆಳಗಿಟ್ಟರು. ನಾನೂ ಲೋಟ ತೊಳೆಯುವುದನ್ನು ನಿಲ್ಲಿಸಿದೆ. ಅವನು ಐದನೆಯ ಚೆಂಡು ಬಿಟ್ಟ. ಅದು ಮೇಲಿನ ಕಮಾನು ಸುತ್ತಿ, ಮೂರು ರಬ್ಬರಿಗೆ ತಾಗಿ, ನಡುವಿನ ಕುಳಿಗಳನ್ನು ತಪ್ಪಿಸಿಕೊಂಡು ಕೆಳಗಿಳಿಯಿತು. ವಸಿಲ್‌ನ ಹೆಬ್ಬೆರಳು ಒತ್ತಿತು. ಚೆಂಡು ಬೇಕಾದ ಕುಳಿಯ ಅಂಚು ಹತ್ತಿ ಒಂದು ಸುತ್ತು ಬಂತು.

ಕಾನ್ ಗೆರೆ ದಾಟಿ ಬಂದು ಪೆಟ್ಟಿಗೆಗೆ ಸೊಂಟದಿಂದ ಗುದ್ದಿದ.

ದೀಪಗಳು ಆರಿದವು. ಚೆಂಡು ಆಮೇಲೆ ಕುಳಿಗೆ ಬಿತ್ತು, ಟಕ್ ಎಂದು. ಆ ಸದ್ದು ಎಲ್ಲರಿಗೂ ಕೇಳಿತು.

"ಛೇ, ಬಿದ್ದೇ ಬಿಟ್ಟಿತ್ತಲ್ಲೋ," ಎಂದ ಕಾನ್. "ತಿರುಗೋ ಈ ಕಡೆ. ಹೊಡಿ. ನಮ್ಮಣ್ಣಂಗೆ ಸಲಿಕೇಲಿ ಹೊಡ್ದೆ, ನಂಗೆ ಬರೀ ಕೈಲಿ ಹೊಡಿ ನೋಡಣ."

ವಸಿಲ್ ತಿರುಗಲಿಲ್ಲ. ಎರಡೂ ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದುಕೊಂಡ.

ಕಾನ್ ಅವನ ಮೂತ್ರಪಿಂಡದ ಮೇಲೆ ಗುದ್ದಿದ. ಹಸುವಿನ ಹೊಟ್ಟೆಗೆ ಒದ್ದ ಸದ್ದು. ವಸಿಲ್‌ನ ಮಂಡಿ ಮಡಚಿತು, ಕೈ ಬಿಡಲಿಲ್ಲ. ಇನ್ನೊಂದು ಗುದ್ದು ಅದೇ ಜಾಗಕ್ಕೆ. ಕೂದಲು ಹಿಡಿದು ಮುಖವನ್ನು ಗಾಜಿಗೆ ಬಡಿದ. ಲೆಸ್ಟರ್ ಹಾಕಿದ್ದ ಹೊಸ ಗಾಜು ಜೇಡರ ಬಲೆಯಂತೆ ಸೀಳಿತು, ಸೀಳಿನ ಮೇಲೆ ರಕ್ತ ಹರಿದು ಕುಳಿಗಳಿಗೆ ತೊಟ್ಟಿಕ್ಕಿತು. ಮೂಗು ಮುರಿದಿತ್ತು.

"ಕೈ ಎತ್ತೋ ನಾಯಿ! ನಿಮ್ಮಪ್ಪನೂ ಹೀಗೇನಾ, ನಿಮ್ಮಮ್ಮನ್ ಹೊಡಿವಾಗ್ ಮಾತ್ರ ಕೈ ಏಳ್ತಿತ್ತಾ?"

ನಮ್ಮ ಅಂಗಡಿಯಲ್ಲಿ ಇಬ್ಬರ ಜಗಳಕ್ಕೆ ಮೂರನೆಯವನು ಕೈ ಹಾಕುವುದಿಲ್ಲ. ಸೋತವನು ಸಾಕು ಎನ್ನುವ ತನಕ ಉಳಿದವರು ಗೋಡೆಗೆ ಒರಗುತ್ತಾರೆ. ಆದರೆ ಇದು ಜಗಳವಾಗಿರಲಿಲ್ಲ. ಹೊಡೆಯುವವನು ಒಬ್ಬನೇ ಇದ್ದ. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮಿತ್ರೋ ಮಾತ್ರ ಮುಂದೆ ಬಂದು, "ಬಿಡಪ್ಪ, ಸಾಕು ಬಿಡು, ಸತ್ತೋಗ್ತಾನೆ," ಎಂದು ತೋಳು ಹಿಡಿದ. ಕಾನ್‌ನ ಮೊಣಕೈ ಮುದುಕನ ಬಾಯಿಗೆ ಬಡಿಯಿತು. ಮಿತ್ರೋ ಕುರ್ಚಿಗಳ ಮೇಲೆ ಬಿದ್ದ.

"ಅಕ್ಕ," ಎಂದ ವಸಿಲ್, ಗಾಜಿಗೆ ಮುಖ ಒತ್ತಿಕೊಂಡೇ. "ನಾನ್ ಎತ್ತಿಲ್ಲ. ನೋಡ್ತಿದೀಯಲ್ಲ? ಎತ್ತಿಲ್ಲ."

ಅದು ಕಾನ್‌ಗೂ ಕೇಳಿತು. ಅವನು ಪಕ್ಕದ ಮೇಜಿನಿಂದ ಬಿಯರ್ ಬಾಟಲಿ ತೆಗೆದುಕೊಂಡ. "ಎತ್ತಲ್ವಾ? ಹಂಗಾದ್ರೆ ಇನ್ಮೇಲೆ ಎತ್ತೋಕೇ ಆಗ್ಬಾರ್ದು," ಎಂದು ಪೆಟ್ಟಿಗೆಯ ಅಂಚು ಹಿಡಿದಿದ್ದ ಎಡಗೈ ಬೆರಳುಗಳ ಮೇಲೆ ಬಾಟಲಿಯ ತಳದಿಂದ ಹೊಡೆದ. ಒಂದು, ಎರಡು. ಒಣ ಕಡ್ಡಿ ಮುರಿದ ಹಾಗೆ ಕೇಳಿತು. ವಸಿಲ್ ಕಿರುಚಿದ. ಅವನ ಬಲಗೈ ಅಂಚನ್ನು ಬಿಟ್ಟಿತು. ಬಿಟ್ಟು, ಗಾಳಿಯಲ್ಲಿ ಮೇಲೇರಿತು. ಮುಷ್ಟಿ ಕಟ್ಟಿಕೊಂಡಿತು. ನಾನು ಅದನ್ನು ನೋಡಿದೆ, ಕಾನ್ ನಗುತ್ತಿದ್ದುದನ್ನೂ ನೋಡಿದೆ.

ಪೀಪಾಯಿಗೆ ನಲ್ಲಿ ಬಡಿಯುವ ಮರದ ಸುತ್ತಿಗೆ ನನ್ನ ಕಾಲ ಬಳಿ ಇತ್ತು. ಅದು ನನ್ನ ಕೈಗೆ ಹೇಗೆ ಬಂತೋ, ಬಿಯರ್ ಕೊಡುವ ಕಟ್ಟೆ ದಾಟಿ ನಾನು ಹೇಗೆ ಆಚೆ ಹೋದೆನೋ ಗೊತ್ತಿಲ್ಲ. ವಸಿಲ್‌ನ ಮುಷ್ಟಿ ಇಳಿಯುವ ಮುಂಚೆ ಸುತ್ತಿಗೆ ಇಳಿಯಬೇಕು ಎಂಬುದೊಂದೇ ತಲೆಯಲ್ಲಿತ್ತು.

ಮೊದಲ ಏಟು ಕಾನ್‌ನ ಕಿವಿಯ ಹಿಂದೆ ಬಿತ್ತು. ಅವನು ಬಾಟಲಿ ಬಿಟ್ಟು ಮಂಡಿಯೂರಿದ. ಅಲ್ಲಿಗೆ ಮುಗಿದಿತ್ತು. ನನ್ನ ತಮ್ಮ ಉಳಿದಿದ್ದ.

ಎರಡನೆಯದನ್ನು ಹೆಗಲಿಗೆ ಹೊಡೆದೆ. ಮೂಳೆ ಮುರಿದದ್ದು ಸುತ್ತಿಗೆಯ ಹಿಡಿಯ ಮೂಲಕ ನನ್ನ ಮೊಣಕೈವರೆಗೆ ಬಂತು. ಅವನು ಅಂಗಾತ ಬಿದ್ದು ಕೈ ಅಡ್ಡ ಹಿಡಿದು, "ಬೇಡ, ಬೇಡ," ಎಂದ. ಮೂರನೆಯದನ್ನು ಬಾಯಿಗೆ ಹೊಡೆದೆ.

ನಾಲ್ಕನೆಯದಕ್ಕೆ ಎತ್ತಿದ ನನ್ನ ಕೈಯನ್ನು ಯಾರೋ ಹಿಡಿದರು. ವಸಿಲ್. ಮುರಿದ ಬೆರಳುಗಳ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದ. ಬೆರಳ ತುದಿಗಳಿಂದ, ಮೆತ್ತಗೆ.

"ಸಾಕಕ್ಕ," ಎಂದ. "ಕೊಡು ಅದನ್ನ."

ಪೊಲೀಸ್ ಬಾಬಿಕ್ ಬಂದಾಗ ಕಾನ್‌ಗೆ ಪ್ರಜ್ಞೆ ಇರಲಿಲ್ಲ. ಬಾಬಿಕ್ ಮೊದಲು ನೋಡಿದ್ದು ವಸಿಲ್‌ನ ಕೈಯಲ್ಲಿದ್ದ ಸುತ್ತಿಗೆಯನ್ನು.

"ಎಂಟ್ ದಿನ ತಡ್ಕೊಳಕ್ಕಾಗ್ಲಿಲ್ವೇನೋ?" ಎಂದು ಬೇಡಿ ತೆಗೆದ.

"ಹೊಡ್ದಿದ್ದು ನಾನು," ಎಂದೆ.

"ಅಕ್ಕಂದಿರೆಲ್ಲ ಹಂಗೇ ಅಂತಾರೆ ಪರಾಸ್ಕ. ಸರಿ ಅತ್ಲಾಗಿ."

ಆಗ ಮಿತ್ರೋ ನೆಲದಿಂದ ಎದ್ದು, ರಕ್ತ ಉಗಿದು, "ಅವ್ಳೇ ಕಣಯ್ಯ ಹೊಡ್ದಿದ್ದು. ನಲವತ್ ಜನ ನೋಡಿದೀವಿ. ಆ ಹುಡುಗ ಎಲ್ಲಾ ತಿಂದ, ಒಂದನ್ನೂ ಕೊಡ್ಲಿಲ್ಲ. ಕೈ ಎತ್ತಲೇ ಇಲ್ಲ," ಎಂದ. ಬಾಬಿಕ್ ಸುತ್ತ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ತಲೆಯಾಡಿಸಿದರು. ಗಾಳಿಯಲ್ಲೆದ್ದ ಆ ಬಲ ಮುಷ್ಟಿಯನ್ನು ನನ್ನ ಹಾಗೆ ಅವರೂ ಕಂಡಿದ್ದರು. ಯಾರೂ ಅದರ ಮಾತೆತ್ತಲಿಲ್ಲ.

ಮೊದಲ ಏಟೊಂದೇ ಆಗಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ ಎಂದು ಮ್ಯಾಜಿಸ್ಟ್ರೇಟರೇ ಹೇಳಿದರು. "ಬಿದ್ದವನಿಗೆ ಮತ್ತೆರಡು ಯಾಕೆ ಹೊಡೆದೆ?" ಎಂದು ಕೇಳಿದರು. ನಾನು ಹೆದರಿದ್ದೆ ಎಂದು ಹೇಳಲು ವಕೀಲರು ಕಲಿಸಿದ್ದರು. ಹೇಳಿದೆ. ಅವರು ನಂಬಲಿಲ್ಲ. ಅರವತ್ತು ದಿನ ಜಿಲ್ಲಾ ಜೈಲು. ಕಾನ್ ಬದುಕಿಕೊಂಡ, ಅವನಿಗೂ ಆಸ್ಪತ್ರೆಯಿಂದ ಹೊರಬಂದ ಮೇಲೆ ಆರು ತಿಂಗಳ ಸಜೆಯಾಯಿತು. ಅವನ ಒಂದು ಕಿವಿ ಹೋಯಿತು, ಮುಂದಿನ ಹಲ್ಲುಗಳು ಹೋದವು. ಈಗ ಆ ಮನೆಯಲ್ಲಿ ಇಬ್ಬರು ಹಾಲು ಕುಡಿಯುವವರು.

ವಸಿಲ್‌ನ ಗಡುವು ಮಾರ್ಚ್ ಹದಿನೈದಕ್ಕೆ ಮುಗಿಯಿತು. ಜಡ್ಜ್ ಕಾಗದಕ್ಕೆ ಸಹಿ ಹಾಕಿದರು.

ಅವನು ನನ್ನನ್ನು ನೋಡಲು ಜೈಲಿಗೆ ಬಂದದ್ದು ಹತ್ತೊಂಬತ್ತನೆಯ ದಿನ. ಮೂಗು ಸೊಟ್ಟಗೆ ಕೂಡಿತ್ತು. ಎಡಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಅಂಗಡಿ ತೆರೆದಿದ್ದೇನೆ, ಮಿತ್ರೋ ಮಾಮ ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ಸುಡುತ್ತಾನೆ ಎಂದ. ನಡುವೆ ತಂತಿ ಜಾಲರಿ ಇತ್ತು. ನಾನು ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಆ ಟಿಲ್ಟ್‌ನ ಲೆಸ್ಟರ್ ಕೈಲಿ ಬಿಗಿ ಮಾಡ್ಸಿದ್ದು ನಾನು ವಸಿಲ್. ನಿಂಗೆ ಕೈ ಮೆತ್ತಗಾಗ್ಲಿ ಅಂತ. ಸಡ್ಲ ಇದ್ದಿದ್ರೆ ಅವ್ನು ಬೂಟು ಬಡಿದ್ರೂ ಏನೂ ಆಗ್ತಿರ್ಲಿಲ್ಲ. ಅವ್ನಿಗೆ ಆ ದಾರಿ ತೋರ್ಸಿದ್ದೇ ನಾನು."

ಅವನು ಮಡಚದ ಎರಡು ಬೆರಳನ್ನು ಜಾಲರಿಗೆ ಒತ್ತಿದ.

"ನಂಗೆ ಗೊತ್ತಿತ್ತು," ಎಂದ. "ಸೇತುವೆ ಆಚೆ ಅಂಗ್ಡೀಲಿ ಒಂದಿನ ಆಡ್ದೆ. ಅದು ಮಲ್ಗಿರೋ ಎಮ್ಮೆ, ಒದ್ರೂ ಟಿಲ್ಟ್ ಆಗಲ್ಲ. ವಾಪಸ್ ಬಂದೆ."

"ಗೊತ್ತಿದ್ದೂ ಯಾಕ್ ಸುಮ್ನಿದ್ದೆ?"

"ಎಮ್ಮೆ ಜೊತೆ ಏನ್ ಆಡೋದು?" ಎಂದ. ಆಮೇಲೆ ಜಾಲರಿಗೆ ಮುಖ ಹತ್ತಿರ ತಂದ. "ಅಕ್ಕ, ನಿಜ ಹೇಳು. ಮೂರ್ನೇ ಏಟು ಯಾಕ್ ಹೊಡ್ದೆ?"

ಮ್ಯಾಜಿಸ್ಟ್ರೇಟರಿಗೆ ಹೇಳಿದ್ದನ್ನು ಅವನಿಗೆ ಹೇಳಲಾಗಲಿಲ್ಲ. "ಹಿತವಾಗಿತ್ತು," ಎಂದೆ.

ಅವನು ಆಶ್ಚರ್ಯಪಡಲಿಲ್ಲ. ವೈದ್ಯ ರೋಗಿಯ ಮಾತಿಗೆ ತಲೆಯಾಡಿಸುವಂತೆ ತಲೆಯಾಡಿಸಿದ. "ಹ್ಞೂ. ಹಂಗೇ ಇರತ್ತೆ ಅದು. ಈಗ ಸ್ವಲ್ಪ ದಿನ ಕೈಗೆ ಮತ್ತೆ ಬೇಕು ಅನ್ಸತ್ತೆ. ಒಳಗೆ ಯಾರಾದ್ರೂ ತಳ್ತಾರೆ, ಊಟ ಕಿತ್ಕೋತಾರೆ. ಆಗ ಏನಾದ್ರೂ ಗಟ್ಟಿಯಾಗಿ ಹಿಡ್ಕೊ. ಬಿಡ್ಬೇಡ. ತಿಳೀತಾ?"

"ತಿಳೀತು," ಎಂದೆ.

ಹೊತ್ತಾಯಿತೆಂದು ಕಾವಲಿನವಳು ಕೂಗಿದಳು. ನಾನು ಜೈಲಿಗೆ ಬಂದ ಎರಡನೆಯ ದಿನವೇ, ನನ್ನ ಕಂಬಳಿ ಎಳೆದುಕೊಂಡವಳ ಜುಟ್ಟು ಹಿಡಿದು ಅವಳ ತಲೆಯನ್ನು ಮಂಚದ ಕಬ್ಬಿಣಕ್ಕೆ ಬಡಿದಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ಇನ್ನೂ ನಲವತ್ತೊಂದು ದಿನ ಬಾಕಿ ಇತ್ತು.